ಬೆಳೆಯಲು ಬಿಟ್ಟ ಜಾಗ

ಗುಬ್ಬಿ ಮನೆಗೆ ಬಂದವಳು ಚಪ್ಪಲಿಯನ್ನು ಸದ್ದಿಲ್ಲದೆ ಬಿಟ್ಟಳು. ಟೈಲರಮ್ಮನಿಗೆ ಅಷ್ಟೇ ಸಾಕಾಯಿತು. ಈ ನಾದಿನಿ ಖುಷಿಯಲ್ಲಿದ್ದರೆ ಒಂದು ಚಪ್ಪಲಿ ಬಾಗಿಲ ಹಿಂದೆ ಬೀಳಬೇಕು, ಇನ್ನೊಂದು ಹಾರಿಬಂದು ಹೊಲಿಗೆ ಯಂತ್ರದ ಕೆಳಗೆ ಸೇರಬೇಕು. ಇವತ್ತು ಎರಡೂ ತಪ್ಪು ಮಾಡಿದ ಮಕ್ಕಳ ಹಾಗೆ ಗೋಡೆಗೆ ಒರಗಿ ಜೊತೆಯಾಗಿ ಕೂತವು. ಗುಬ್ಬಿ ಕಂಕುಳಲ್ಲಿದ್ದ ಕಾಗದದ ಸುರುಳಿಯನ್ನು ಕಪಾಟಿನ ಮೇಲಕ್ಕೆ ತಳ್ಳಿ, ನೀರು ಕುಡಿದು ಕೂತಳು.

"ಏನಂದ ಫ್ರೇಮಿನ ಅಂಗಡಿಯವನು?"

"ಒಳ್ಳೆ ಮನುಷ್ಯ ಅತ್ತಿಗೆ. ಮರ್ಯಾದೆಯಿಂದ ಮಾತಾಡಿಸಿದ. ಕುರ್ಚಿ ಹಾಕಿದ. ಆಮೇಲೆ ರೇಟು ಹೇಳಿದ."

"ಎಷ್ಟಂತೆ?"

"ಕುರ್ಚಿ ಯಾಕೆ ಹಾಕಿದ ಅಂತ ಆಗ ಗೊತ್ತಾಯ್ತು."

ಗುಬ್ಬಿ ಹಗಲೆಲ್ಲ ಜೆರಾಕ್ಸ್ ಅಂಗಡಿಯಲ್ಲಿ ಬೇರೆಯವರ ಕಾಗದಗಳ ನಕಲು ತೆಗೆಯುತ್ತಿದ್ದಳು. ಸಂಜೆ ಮನೆಗೆ ಬಂದರೆ ಮರದ ಹಲಗೆ, ಉಳಿ, ಕಪ್ಪು ಶಾಯಿ. ಹಲಗೆಯಲ್ಲಿ ಚಿತ್ರ ಕೊರೆದು, ಶಾಯಿ ಹಚ್ಚಿ, ಮೇಲೆ ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿ ಉಜ್ಜಿ ಅಚ್ಚು ತೆಗೆಯುತ್ತಿದ್ದಳು. ಕ್ಷೌರದ ಅಂಗಡಿಯ ಖಾಲಿ ಕುರ್ಚಿ, ಬಸ್ ನಿಲ್ದಾಣದ ಬೆಂಚಿನ ಮೇಲೆ ಯಾರೋ ಮರೆತು ಹೋದ ಕೊಡೆ, ಮಹಡಿಯ ಮೇಲೆ ಗಾಳಿಗೆ ಹೊಟ್ಟೆ ಉಬ್ಬಿಸಿಕೊಂಡ ಅಂಗಿಗಳು. ಹೀಗೆ ಎಂಟು ಚಿತ್ರಗಳು. ಒಳ್ಳೆಯ ಕಾಗದ ದುಬಾರಿಯೆಂದು ಅಂಚಿನ ತನಕವೂ ಅಚ್ಚು ಹಾಕಿದ್ದಳು. ಬೆರಳಿಟ್ಟು ಹಿಡಿಯಲೂ ಜಾಗ ಉಳಿದಿರಲಿಲ್ಲ.

ಊರಿನ ಗ್ರಂಥಾಲಯದ ಓದುವ ಕೋಣೆಯಲ್ಲಿ ಒಂದು ಉದ್ದನೆಯ ಗೋಡೆಯನ್ನು ಚಿತ್ರ ಬರೆಯುವವರಿಗೆಂದೇ ಬಿಟ್ಟಿದ್ದರು. ಈ ಸಲ ಅದಕ್ಕೆ ಒಪ್ಪಿಕೊಂಡಿದ್ದ ಯಾರೋ ಕೈ ಎತ್ತಿಬಿಟ್ಟಿದ್ದರಿಂದ ಗ್ರಂಥಾಲಯದ ಮೇಡಂ ಗುಬ್ಬಿಯನ್ನು ಕರೆದು ಕೇಳಿದ್ದರು. ಷರತ್ತು ಒಂದೇ: ಶನಿವಾರ ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಚಿತ್ರಗಳು ಬರಬೇಕು, ಪ್ರತಿಯೊಂದಕ್ಕೂ ಚೌಕಟ್ಟು ಮತ್ತು ಗಾಜು ಇರಬೇಕು. ಹಿಂದೊಮ್ಮೆ ಬರಿಯ ಹಾಳೆಗಳನ್ನು ಅಂಟಿಸಿದ್ದಾಗ ಫ್ಯಾನಿನ ಗಾಳಿಗೆ ಅವು ಒಂದೊಂದಾಗಿ ಕಿತ್ತು ಬಂದು ಓದುತ್ತಿದ್ದವರ ತಲೆಯ ಮೇಲೆ ಇಳಿದಿದ್ದವಂತೆ. ಆಗದಿದ್ದರೆ ಹೇಳಿಬಿಡು, ಫೋಟೋ ಸಂಘದವರು ತುದಿಗಾಲಲ್ಲಿ ನಿಂತಿದ್ದಾರೆ ಎಂದಿದ್ದರು ಮೇಡಂ.

"ಆಗಲ್ಲ ಅಂತ ಫೋನ್ ಮಾಡಿಬಿಡ್ತೀನಿ," ಎಂದಳು ಗುಬ್ಬಿ.

ಟೈಲರಮ್ಮ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದು ಡಬ್ಬಿಗೆ ಹಾಕಿದಳು. ಅವಳು ಸೂಜಿ ತೆಗೆದು ಮಾತಾಡಿದಳೆಂದರೆ ಆ ಮಾತಿಗೆ ಎದುರಿಲ್ಲ. ಈ ಹುಡುಗಿ 'ಆಗಲ್ಲ' ಎಂದು ಹಿಂದೆ ಸರಿದದ್ದು ಇದು ಮೊದಲಲ್ಲ. ಆದರೆ ಬೇರೆಯವರು ತಾವಾಗಿಯೇ ಕರೆದು ಗೋಡೆ ಕೊಟ್ಟದ್ದು ಇದೇ ಮೊದಲು. ಇದೂ ಕೈತಪ್ಪಿದರೆ ಉಳಿಗಳು ಅಟ್ಟ ಸೇರುತ್ತವೆ ಎಂಬುದು ಅವಳಿಗೆ ಗೊತ್ತಿತ್ತು.

"ಫೋನ್ ಮುಟ್ಟು, ನೋಡ್ತೀನಿ. ನಾನಿದ್ದೀನಲ್ಲ? ಊರಿಗೆಲ್ಲ ಅಂಚು ಮಡಿಚಿ ಕೊಡೋಳು ನಿನ್ನ ಕಾಗದಕ್ಕೆ ನಾಲ್ಕು ಅಂಚು ಕಟ್ಟಲ್ವಾ?"

ಹೇಳುವುದೇನೋ ಹೇಳಿಬಿಟ್ಟಳು. ಆಮೇಲೆ ಮರ ಎಲ್ಲಿಂದ, ಗಾಜು ಎಲ್ಲಿಂದ ಎಂದು ಹುಡುಕತೊಡಗಿದಳು.

ಪಕ್ಕದ ಮನೆಯವರು ಮನೆ ದುರಸ್ತಿ ಮಾಡಿಸುತ್ತಿದ್ದರು. ಹಳೆಯ ಕಿಟಕಿಗಳನ್ನೆಲ್ಲ ಕಿತ್ತು ಗೋಡೆ ಬದಿಗೆ ರಾಶಿ ಹಾಕಿದ್ದರು. ಕೇಳಿದರೆ, ತೆಗೆದುಕೊಂಡು ಹೋದರೆ ನಿಮಗೆ ಪುಣ್ಯ ಬರುತ್ತದೆ ಎಂದರು. ಹೊರುವ ಪುಣ್ಯ ಟೈಲರಮ್ಮನ ಗಂಡನಿಗೆ ಬಂತು. ಆತ ಸಿಟಿ ಬಸ್ಸಿನ ಕಂಡಕ್ಟರು.

"ದಿನಾ ಬಸ್ಸಲ್ಲಿ ದೊಡ್ಡ ಲಗೇಜು ಹತ್ತಿಸಬೇಡಿ ಅಂತ ಗಂಟಲು ಹರ್ಕೊಳ್ಳೋನು ನಾನು," ಎಂದು ಏದುಸಿರು ಬಿಟ್ಟ. "ಈಗ ನೋಡು, ನನ್ನ ತಲೆ ಮೇಲೇ ಕಿಟಕಿ."

"ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ," ಎಂದಳು ಗುಬ್ಬಿ, ಅಣ್ಣನದೇ ದನಿಯಲ್ಲಿ.

ಟೈಲರಮ್ಮ ಕತ್ತಿನಲ್ಲಿದ್ದ ಟೇಪು ತೆಗೆದು ಎಂಟೂ ಚಿತ್ರಗಳ ಅಳತೆ ತೆಗೆದುಕೊಂಡಳು. ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದಳು. ಅದೇ ಅಳತೆಗೆ ಕಿಟಕಿಯ ಗಾಜುಗಳನ್ನು ಗಾಜಿನ ಅಂಗಡಿಯವನಿಂದ ಕತ್ತರಿಸಿ ತಂದಳು. ಅದೇ ಅಳತೆಗೆ ಗಂಡ ಮರದ ಪಟ್ಟಿಗಳನ್ನು ಗರಗಸದಲ್ಲಿ ಕೊಯ್ದ. ಮೂಲೆಗಳು ಓರೆಯಾಗಿ ಕೂಡಬೇಕು. ಅದಕ್ಕೆ ಒಂದು ಚೌಕದ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಿಚಿ ಪಟ್ಟಿಯ ಮೇಲಿಟ್ಟಳು. ಗೆರೆ ಎಳೆದಂತೆ ಓರೆ ಸಿಕ್ಕಿತು. ಒಂದು ಮೂಲೆ ಮಾತ್ರ ಗಂಡನ ಅವಸರಕ್ಕೆ ಸಿಕ್ಕಿ ಬಾಯಿ ಬಿಟ್ಟುಕೊಂಡಿತು. ಮರದ ಹೊಟ್ಟಿಗೆ ಗೋಂದು ಕಲಸಿ ಅದರ ಬಾಯಿ ಮುಚ್ಚಿಸಿದ್ದಾಯಿತು.

ಅಂಟು ಹಿಡಿಯುವ ತನಕ ಮೂಲೆಗಳನ್ನು ಬಿಗಿಯಾಗಿ ಒತ್ತಿ ಹಿಡಿಯಬೇಕು. ಲಂಗಕ್ಕೆ ಹಾಕುವ ಎಲಾಸ್ಟಿಕ್ಕನ್ನು ಚೌಕಟ್ಟಿನ ಸುತ್ತ ಸುತ್ತಿ, ಮೇಲೆ ಗಂಡನ ಕೈಗಳನ್ನೂ ಇಟ್ಟಳು.

"ಎಷ್ಟು ಹೊತ್ತು?"

ಉತ್ತರ ಒಳಕೋಣೆಯಿಂದ ಬಂತು. ಅತ್ತೆಯ ಬಾಯಲ್ಲಿ ಸದಾ ದೇವರ ಪದ್ಯ. ಸೊಪ್ಪು ಬಿಡಿಸುವಾಗ, ಬಟ್ಟೆ ಮಡಿಚುವಾಗ, ನಿದ್ದೆ ಬಾರದಾಗ, ಎಳೆ ಎಳೆಯಾಗಿ ರಾಗ ತೆಗೆದು ಹೇಳಿಕೊಳ್ಳುತ್ತಿದ್ದಳು. ಯಂತ್ರ ತುಳಿಯುವ ಸೊಸೆಯ ಕಾಲಿಗೂ ಅದೇ ತಾಳ. ಆ ಮನೆಯಲ್ಲಿ ಹೊಲಿದ ಅಂಗಿಗಳಲ್ಲಿ ದಾರದ ಜೊತೆಗೆ ಒಂದಿಷ್ಟು ಪದ್ಯವೂ ಸೇರಿರಬೇಕು.

"ನಾನು ಈ ಸಂಧಿ ಮುಗಿಸೋ ತನಕ ಹಿಡ್ಕೋ ಮಗಾ," ಎಂದಳು ಅತ್ತೆ. ಆರಂಭಿಸಿದವಳು, ಸಮುದ್ರದ ವರ್ಣನೆಗೆ ಬಂದಾಗ ಅಲ್ಲೇ ನಿಂತು ಒಂದೊಂದು ಅಲೆಯನ್ನೂ ಮೇಲೆತ್ತಿ ಇಳಿಸತೊಡಗಿದಳು.

"ಅಮ್ಮಾ, ಸ್ವಲ್ಪ ಬೇಗ ದಡ ಸೇರಿಸು. ಕೈ ಮರಗಟ್ಟಿ ಹೋಯ್ತು."

"ದೇವರ ಪದ್ಯ ಕಣೋ ಇದು. ನಿನ್ನ ಎಕ್ಸ್‌ಪ್ರೆಸ್ ಬಸ್ಸಲ್ಲ. ಎಲ್ಲಾ ಕಡೆ ನಿಲ್ಲಿಸಿಕೊಂಡೇ ಹೋಗಬೇಕು."

ಹೀಗೆ ಒಂದು ಚೌಕಟ್ಟಿಗೆ ಒಂದು ಸಂಧಿಯಂತೆ ಹಿಡಿದು, ಉಜ್ಜಿ ನಯ ಮಾಡಿ, ಕಿಟಕಿಯ ಸರಳಿಗೆ ಬಳಿದು ಉಳಿದಿದ್ದ ಕಪ್ಪು ಬಣ್ಣ ಹಚ್ಚಿದರು. ಶುಕ್ರವಾರ ಮಧ್ಯಾಹ್ನಕ್ಕೆ ಎಂಟು ಚೌಕಟ್ಟುಗಳು ಸಾಲಾಗಿ ನಿಂತವು. ಗಾಜು ಒಂದೊಂದರೊಳಗೂ ಚಕ್ಕನೆ ಕೂತಿತು. ಟೈಲರಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ತನ್ನ ಮೇಲೆ ತನಗೇ ಹೆಮ್ಮೆಯಾಯಿತು.

ಗುಬ್ಬಿ ಅಂಗಡಿಯಿಂದ ಅರ್ಧ ದಿನ ರಜೆ ಹಾಕಿ ಓಡಿಬಂದಳು. ಸುರುಳಿ ಬಿಚ್ಚಿದಳು. ಕ್ಷೌರದ ಕುರ್ಚಿಯನ್ನು ಮೊದಲನೆಯ ಗಾಜಿನ ಮೇಲೆ ಮೆಲ್ಲನೆ ಇಟ್ಟಳು.

ಕುರ್ಚಿ ಜಾರಿ ಎಡಕ್ಕೆ ಹೋಯಿತು. ಸರಿಮಾಡಿದರೆ ಬಲಕ್ಕೆ ಬಂತು. ಸುತ್ತಲೂ ನಾಲ್ಕು ಬೆರಳು ಜಾಗ ಬಿಟ್ಟುಕೊಂಡು, ದೊಡ್ಡ ಕೊಳದಲ್ಲಿ ಬಿಟ್ಟ ಮೀನಿನ ಹಾಗೆ ಚಿತ್ರ ಚೌಕಟ್ಟಿನೊಳಗೆ ಈಜಾಡಿತು.

ಒಳಗೆ ಅತ್ತೆಯ ಪದ್ಯ ನಿಂತಿತು.

"ಅತ್ತಿಗೆ... ಅಳತೆ ತಗೊಂಡಿದ್ದು ನೀವೇ ತಾನೆ?"

ಟೈಲರಮ್ಮ ಟೇಪು ಹಿಡಿದು ಮತ್ತೆ ಅಳೆದಳು. ಮೇಜಿನ ಮೇಲಿನ ಸೀಮೆಸುಣ್ಣ ನೋಡಿದಳು. ಟೇಪು ಸುಳ್ಳು ಹೇಳಿರಲಿಲ್ಲ. ಬರೆಯುವಾಗ ಕೈ ತನ್ನ ಪಾಡಿಗೆ ತಾನು ಕೂಡಿಸಿಬಿಟ್ಟಿತ್ತು. ಎರಡೂ ಬದಿಗೆ ಹೊಲಿಗೆಯ ಒಳಮಡಿಕೆಗೆ ಒಂದಿಷ್ಟು. ಅದರ ಮೇಲೆ, ಮಕ್ಕಳ ಬಟ್ಟೆಗೆ ತಪ್ಪದೆ ಬಿಡುವ ಹಾಗೆ, ಬೆಳೆಯಲು ಇನ್ನೊಂದಿಷ್ಟು. ಗುಬ್ಬಿಯದು ಎಂದ ಕೂಡಲೇ ಕೈಗೆ ಅದೊಂದೇ ಗೊತ್ತು. ಮದುವೆಯಾಗಿ ಈ ಮನೆಗೆ ಬಂದಾಗ ನಾದಿನಿ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಟೈಲರಮ್ಮ ಹೊಲಿದ ಯೂನಿಫಾರಂನ ತೋಳು ಅವಳ ಬೆರಳ ತುದಿಯನ್ನೂ ದಾಟಿ ತೂಗಾಡುತ್ತಿತ್ತು. ಅದು ಮೈಗೆ ಸರಿಹೋಗುವ ಹೊತ್ತಿಗೆ ಬಟ್ಟೆಯೇ ಹರಿದಿರುತ್ತಿತ್ತು.

"ಒಳಮಡಿಕೆ ಬಿಟ್ಟುಬಿಟ್ಟಿದ್ದೀನಿ ಕಣೇ," ಎಂದಳು ಸಣ್ಣ ದನಿಯಲ್ಲಿ. "ಜೊತೆಗೆ... ಬೆಳೆಯೋಕೆ."

"ಚಿತ್ರ ಏನು ಮುಂದಿನ ವರ್ಷಕ್ಕೆ ಬೆಳೆಯುತ್ತಾ ಅತ್ತಿಗೆ?"

ಗುಬ್ಬಿ ನಗಲು ಹೋದಳು. ತುಟಿ ನಕ್ಕಿತು, ಕಣ್ಣು ಕೇಳಲಿಲ್ಲ. ಬಟ್ಟೆಯಾಗಿದ್ದರೆ ಹೊಲಿಗೆ ಬಿಚ್ಚಿ ಒಳಗೆ ತೆಗೆದುಕೊಳ್ಳಬಹುದಿತ್ತು. ಗಾಜನ್ನು ಬಿಚ್ಚುವುದೆಲ್ಲಿಂದ? ಅಂಟಿದ ಮೂಲೆಗಳನ್ನು ಮುರಿದು ಮತ್ತೆ ಕೂಡಿಸಲು ನಾಳೆ ಬೆಳಗಿನೊಳಗೆ ಹೊತ್ತೆಲ್ಲಿ? ಗುಬ್ಬಿಯ ಕೈ ಮೆಲ್ಲಗೆ ಫೋನಿನತ್ತ ಹೋಯಿತು. ಈ ಸಲ ಟೈಲರಮ್ಮ ತಡೆಯದೆ, ಮೇಜಿನ ಮೇಲಿನ ಸೀಮೆಸುಣ್ಣದ ಅಂಕಿಗಳನ್ನು ಸೆರಗಿನಿಂದ ಒರೆಸತೊಡಗಿದಳು.

ಆಗಲೇ ಕಂಡಕ್ಟರು ಡ್ಯೂಟಿಗೆ ಹೊರಡಲು ಸಿದ್ಧನಾಗಿ ಒಳಗೆ ಬಂದ.

"ಏ ಇವಳೇ, ನನ್ನ ಕಾಲರ್ ಬದಲಾಯಿಸಿ ಹೊಲಿದಿಟ್ಟಿದ್ದೀಯಾ?"

"ಇಲ್ಲಿ ಮನೆ ಮುಳುಗ್ತಿದೆ, ನಿಮಗೆ ಕಾಲರಿನ ಚಿಂತೆ! ಅಲ್ಲೇ ತೂಗುಹಾಕಿದೆ, ಕಣ್ಣು ಬಿಟ್ಟು ನೋಡಿ."

ಆತ ಅಂಗಿ ತೊಟ್ಟು ಮೇಲಿನ ಗುಂಡಿ ಹಾಕಿಕೊಂಡ. ಹೊಸ ಕಾಲರು ಗರಿಗರಿಯಾಗಿ ನಿಂತಿತ್ತು. ಅದರ ನಡುವೆ ಅವನ ಸಣಕಲು ಕತ್ತು. ಗಂಡನಿಗೆ ಹೊಲಿದದ್ದೂ ಸಡಿಲವೇ. ಆದರೂ ಆ ಅಗಲ ಅಂಚಿನ ನಡುವೆ ಆತ ಎಲ್ಲಿಲ್ಲದ ಗತ್ತಿನಿಂದ ಕಾಣುತ್ತಿದ್ದ. ಟೈಲರಮ್ಮ ಅವನನ್ನೇ ನೋಡುತ್ತ ನಿಂತಳು.

"ಏನು ಹಂಗೆ ನೋಡ್ತೀಯ?"

"ರೀ, ನಿಮ್ಮ ಕತ್ತು ಇಷ್ಟೇ ಇಷ್ಟು."

"ಮದುವೆಗೆ ಮುಂಚೆ ನೋಡ್ಕೋಬೇಕಿತ್ತು."

"ಅಯ್ಯೋ, ಕೇಳಿ ಇಲ್ಲಿ! ಕತ್ತು ಇಷ್ಟಿದ್ರೂ ಕಾಲರಿನೊಳಗೆ ನೀವು ದೊಡ್ಡ ಸಾಹೇಬರ ಹಂಗೆ ಕಾಣ್ತೀರಿ. ಗುಬ್ಬೀ, ಫೋನ್ ಇಡು. ನಿನ್ನ ಚಿತ್ರಕ್ಕೂ ಒಂದು ಕಾಲರ್ ಹಾಕೋಣ."

ಬಟ್ಟೆಯ ಥಾನುಗಳ ಒಳಗಿಂದ ಬಂದ ದಪ್ಪ ರಟ್ಟುಗಳು ಮಂಚದ ಕೆಳಗಿದ್ದವು. ಕಾಲರಿನ ಒಳಗೆ ಹಾಕುವ ಗಟ್ಟಿ ಬಿಳಿ ಕ್ಯಾನ್ವಾಸು ಸುರುಳಿಗಟ್ಟಲೆ ಇತ್ತು. ರಟ್ಟನ್ನು ಗಾಜಿನ ಅಳತೆಗೆ ಕತ್ತರಿಸಿ, ನಡುವೆ ಚಿತ್ರಕ್ಕಿಂತ ಕೂದಲೆಳೆ ಚಿಕ್ಕದಾಗಿ ಕಿಟಕಿ ಕೊಯ್ದಳು. ಮೇಲೆ ಕ್ಯಾನ್ವಾಸು ಅಂಟಿಸಿದಳು. ನಡುವಿನ ಬಟ್ಟೆಯನ್ನು ಜೇಬಿನ ಬಾಯಿ ಬಿಡಿಸುವ ಹಾಗೆ ನಾಲ್ಕೂ ಮೂಲೆಗೆ ಓರೆಯಾಗಿ ಸೀಳಿ, ಆ ನಾಲ್ಕು ತುಂಡುಗಳನ್ನು ಹಿಂದಕ್ಕೆ ಮಡಿಚಿ ಅಂಟಿಸಿದಳು. ಅಂಚು ಚೂರಿಯ ಅಲಗಿನಂತೆ ನೇರವಾಗಿ ನಿಂತಿತು. ಈ ಕೆಲಸದಲ್ಲಿ ಅವಳ ಕೈಗೆ ಯಾರೂ ಏನೂ ಹೇಳಿಕೊಡಬೇಕಿರಲಿಲ್ಲ.

"ಕೆಳಗಡೆ ಅಂಚು ಸ್ವಲ್ಪ ಅಗಲ ಇರಲಿ ಅತ್ತಿಗೆ. ಇಲ್ಲಾಂದ್ರೆ ಚಿತ್ರ ಕೆಳಗೆ ಜಾರಿದ ಹಾಗೆ ಕಾಣುತ್ತೆ."

"ಲಂಗದ ಅಂಚಿನ ಹಾಗೆ. ಗೊತ್ತು ಬಿಡು."

"ಮತ್ತೆ ಕಾಗದವನ್ನ ಸುತ್ತಲೂ ಅಂಟಿಸಬೇಡಿ, ಸುಕ್ಕಾಗುತ್ತೆ. ಮೇಲಿನ ಅಂಚಿಗೆ ಎರಡು ಕಡೆ ಮಾತ್ರ."

"ಪರದೆ ತೂಗುಬಿಟ್ಟ ಹಾಗೆ ಅನ್ನು."

ಒಳಗೆ ಪದ್ಯ ಮತ್ತೆ ಶುರುವಾಯಿತು. ಗುಬ್ಬಿ ಚಿತ್ರವನ್ನು ಹಿಂದಿನಿಂದ ಇಟ್ಟು ಚೌಕಟ್ಟನ್ನು ಎತ್ತಿ ನಿಲ್ಲಿಸಿದಳು. ಬಿಳಿಯ ಬಟ್ಟೆಯ ನಡುವೆ ಆ ಖಾಲಿ ಕುರ್ಚಿ ತನ್ನ ಪಾಡಿಗೆ ತಾನು ನೆಮ್ಮದಿಯಾಗಿ ಕೂತಿತ್ತು. ಟೈಲರಮ್ಮ ಎರಡನೆಯ ರಟ್ಟು ಎಳೆದುಕೊಂಡಳು. ಹೊತ್ತು ಮುಳುಗುವ ಮುಂಚೆ ಎಂಟೂ ಮುಗಿದವು. ತೂಗುಹಾಕಲು ಹಿಂಬದಿಗೆ ಗಟ್ಟಿ ಬಟ್ಟೆಯ ಪಟ್ಟಿ ಬಿಗಿದು, ಅದಕ್ಕೆ ಪ್ಯಾಂಟಿನ ಹುಕ್ಕು ಹೊಲಿದದ್ದೂ ಆಯಿತು.

ಶನಿವಾರ ಬೆಳಿಗ್ಗೆ ಎಲ್ಲರೂ ಕಂಡಕ್ಟರ ಬಸ್ಸಿನಲ್ಲೇ ಹೊರಟರು. ತನ್ನ ಮನೆಯವರೆಂದು ಬಿಡದೆ ಆತ ಲಗೇಜಿಗೂ ಟಿಕೆಟ್ ಹರಿದ. ಅತ್ತೆ ಕ್ಷೌರದ ಕುರ್ಚಿಯನ್ನು ಮಡಿಲಲ್ಲಿ ಮಗುವಿನ ಹಾಗೆ ಹಿಡಿದು ಕೂತಳು. ಗ್ರಂಥಾಲಯದ ನಿಲ್ದಾಣ ಬಂದಾಗ ಕಂಡಕ್ಟರು, ಡ್ರೈವರಿಗೆ ಒಂದು ನಿಮಿಷ ಎಂದು ಬೆರಳು ತೋರಿಸಿ, ತಾನೂ ಎರಡು ಚೌಕಟ್ಟು ಹೊತ್ತು ಒಳಗೆ ಓಡಿದ.

ಮೇಡಂ ಕಡಿಮೆ ಮಾತಿನವರು. ಒಂದು ಚೌಕಟ್ಟನ್ನು ಎತ್ತಿ ಅಲುಗಾಡಿಸಿದರು. ಮೂಲೆಗಳ ಮೇಲೆ ಬೆರಳಾಡಿಸಿದರು. ಬಾಯಿ ಮುಚ್ಚಿಸಿದ್ದ ಮೂಲೆಯ ಹತ್ತಿರ ಬೆರಳು ಒಂದು ಗಳಿಗೆ ನಿಂತಿತು. ಟೈಲರಮ್ಮ ಗಂಡನತ್ತ ಕಣ್ಣು ಬಿಟ್ಟಳು. ಬೆರಳು ಮುಂದೆ ಹೋಯಿತು. ತಿರುಗಿಸಿ ನೋಡಿದವರು ಪ್ಯಾಂಟಿನ ಹುಕ್ಕು ಕಂಡು ಫಕ್ಕನೆ ನಕ್ಕರು.

"ಇಷ್ಟು ಅಗಲ ಅಂಚು ಬಿಡೋಕೆ ಧೈರ್ಯ ಬೇಕು," ಎಂದರು.

"ಧೈರ್ಯ ಅಲ್ಲ ಮೇಡಂ, ಅಭ್ಯಾಸ," ಎಂದ ಕಂಡಕ್ಟರು ಬಾಗಿಲಿನಿಂದ. ಹೊರಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ.

ಎಂಟೂ ಚಿತ್ರಗಳು ಗೋಡೆ ಏರಿದವು. ಕೊನೆಗೆ ಮೇಡಂ ಸ್ವಿಚ್ಚಿನ ಹತ್ತಿರ ಹೋಗಿ ಫ್ಯಾನುಗಳನ್ನೆಲ್ಲ ಜೋರಾಗಿ ತಿರುಗಿಸಿದರು. ಮೇಜಿನ ಮೇಲಿನ ದಿನಪತ್ರಿಕೆಗಳು ಎದ್ದು ಹಾರಿದವು. ಎಲ್ಲರೂ ತಲೆಯ ಮೇಲೆ ಕೈಯಿಟ್ಟುಕೊಂಡು ಗೋಡೆಯನ್ನೇ ನೋಡಿದರು. ಒಂದು ಚಿತ್ರವೂ ಮಿಸುಕಲಿಲ್ಲ.

"ಇರಲಿ, ಈ ಗೋಡೆ ನಿನ್ನದೇ," ಎಂದರು ಮೇಡಂ.

ಬಾಗಿಲು ತೆರೆದ ಮೇಲೆ ಮೊದಲು ಬಂದವನು ಬೀದಿಯ ಕ್ಷೌರಿಕ. ತನ್ನ ಕುರ್ಚಿಯೆದುರು ಬಹಳ ಹೊತ್ತು ನಿಂತ. ಆಮೇಲೆ ಜೇಬಿನಿಂದ ಬಾಚಣಿಗೆ ತೆಗೆದು ಗಾಜಿನಲ್ಲಿ ನೋಡಿಕೊಂಡು ತಲೆ ಬಾಚಿದ. "ಕನ್ನಡಿನೂ ಕೊಟ್ಟಿದ್ದೀಯಲ್ಲಮ್ಮ," ಎಂದ.

ಸಂಜೆ ಡ್ಯೂಟಿ ಮುಗಿಸಿ ಬಂದ ಗಂಡನ ಜೊತೆ ನಾಲ್ವರೂ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತಿದ್ದಾಗ ಟೈಲರಮ್ಮನ ಕಣ್ಣಿಗೆ ಬಿತ್ತು. ಈ ದಿನಕ್ಕೆಂದು ಗುಬ್ಬಿಗೆ ಹೊಲಿದುಕೊಟ್ಟ ಹೊಸ ಅಂಗಿಯ ತೋಳು ಅವಳ ಬೆರಳುಗಳನ್ನು ಮುಚ್ಚಿತ್ತು.

"ಅಯ್ಯೋ, ಇದರಲ್ಲೂ ಬಿಟ್ಟಿದ್ದೀನಾ! ಕೊಡು, ಒಳಗೆ ತಗೋತೀನಿ."

"ಇರಲಿ ಬಿಡಿ ಅತ್ತಿಗೆ." ಗುಬ್ಬಿ ತೋಳನ್ನು ಮೊಣಕೈ ತನಕ ಮಡಿಚಿದಳು. "ಮುಂದಿನ ಸಲಕ್ಕೆ ಇನ್ನೂ ದೊಡ್ಡ ಹಲಗೆ ತರ್ತಿದ್ದೀನಿ."

"ಎಷ್ಟು ದೊಡ್ಡದು?" ಎಂದು ಅಣ್ಣ ಬೆಚ್ಚಿ ಕೇಳಿದ. "ಪಕ್ಕದ ಮನೆ ಕಿಟಕಿಗಳೆಲ್ಲ ಖಾಲಿ ಆಗಿವೆ ಕಣೇ."

"ಬಾಗಿಲು ಇನ್ನೂ ಇದೆಯಲ್ಲಪ್ಪ," ಎಂದಳು ಅತ್ತೆ, ಮತ್ತೆ ತನ್ನ ಪದ್ಯಕ್ಕೆ ಇಳಿದಳು.