ಕಲ್ಲಿಗೆ ಕೈ ಕೂರುವ ತನಕ

"ಟೈಪ್ ಮೇಲೆ ಎಷ್ಟು ಅವರ್ಸ್, ಮ್ಯಾಮ್?"

ವಿಮಾನ ಕಂಪನಿಯಿಂದ ಫೋನಿನಲ್ಲಿ ಕೇಳಿದ ಹುಡುಗಿಯ ಸ್ವರದಲ್ಲಿ ಕೆಟ್ಟತನವೇನೂ ಇರಲಿಲ್ಲ. ವೀಕ್ಷಾಳಿಗೆ ಅದೇ ಹೆಚ್ಚು ಉರಿಯಿತು.

"ಲೈಸೆನ್ಸ್ ಇದೆ. ನಿಮ್ಮ ಜೆಟ್‌ನದೇ ರೇಟಿಂಗ್ ಇದೆ, ಸ್ವಂತ ಖರ್ಚಲ್ಲಿ ಮಾಡ್ಕೊಂಡದ್ದು."

"ಅದು ಸಿಮ್ಯುಲೇಟರ್, ಮ್ಯಾಮ್. ಪ್ಯಾಸೆಂಜರ್ಸ್ ಕೂರಿಸ್ಕೊಂಡು?"

"ನೀವು ಕೆಲಸ ಕೊಟ್ರೆ ತಾನೆ ಕೂರಿಸ್ಕೊಳ್ಳೋದು?"

"ಅನುಭವ ಆದ್ಮೇಲೆ ಮತ್ತೆ ಅಪ್ಲೈ ಮಾಡಿ, ಮ್ಯಾಮ್. ಆಲ್ ದಿ ಬೆಸ್ಟ್."

ಫೋನು ಕಟ್ಟಾಯಿತು. ಕ್ರೋಂಪೇಟೆ ಸ್ಟೇಷನ್ನಿನ ಎದುರಿನ ಹೋಟೆಲು ಮಧ್ಯಾಹ್ನದ ಊಟ ಮುಗಿಸಿ ನೆಲ ಒರೆಸಿಕೊಳ್ಳುತ್ತಿತ್ತು. ಮೀನಂಬಾಕ್ಕಂ ಏರ್‌ಪೋರ್ಟಿನ ಕಡೆಗೆ ಇಳಿಯುತ್ತಿದ್ದ ವಿಮಾನದ ಸದ್ದಿಗೆ ಗಲ್ಲಾದ ಗಾಜು ನಡುಗಿತು. ಗಲ್ಲಾದಲ್ಲಿ ಕೂತಿದ್ದ ವೀಕ್ಷಾ ತಲೆಯೆತ್ತಲಿಲ್ಲ.

ವಿಮಾನದ ಒಂದೊಂದು ಜಾತಿಗೂ, ಅಂದರೆ ಟೈಪಿಗೂ, ಬೇರೆ ಬೇರೆ ತರಬೇತಿ; ಅದು ಮುಗಿದರೆ ರೇಟಿಂಗ್. ಹಿಂದೆ ಅದನ್ನು ಕಂಪನಿಯೇ ಕೊಡಿಸುತ್ತಿತ್ತಂತೆ. ಈಗ ರೇಟಿಂಗ್ ಮಾಡಿಕೊಂಡೇ ಬನ್ನಿ ಎನ್ನುತ್ತಾರೆ. ಅಪ್ಪ ಸದಾನಂದ ಹೋಟೆಲಿನ ಮೇಲೆ ಸಾಲ ಎತ್ತಿ ಅವಳನ್ನು ಹೊರದೇಶಕ್ಕೆ ಕಳಿಸಿದ್ದ. ಮಗಳು ಟೈಪ್ ಪರೀಕ್ಷೆ ಪಾಸಾದಳೆಂದು ಅಮ್ಮ ಸರಸ ಊರಿಗೆ ಫೋನು ಮಾಡಿದಾಗ ದೊಡ್ಡಮ್ಮ ಕೇಳಿದ್ದಳು, "ಟೈಪಿಂಗ್ ಕಲಿಯುಕೆ ಫಾರಿನ್ನಿಗೆ ಎಂತಕ್ಕೆ ಸರಸ? ಕೋಟೇಶ್ವರದಗೇ ಕಲಿಸ್ತ್ರಲೆ!" ಆ ದಿನ ಮನೆಯೆಲ್ಲ ನಕ್ಕಿತ್ತು. ಹಾರಿಸದೆ ಬಿಟ್ಟರೆ ಆ ರೇಟಿಂಗೂ ಹಿಟ್ಟಿನ ಹಾಗೆ ಹುಳಿಯುತ್ತದೆ, ಮತ್ತೆ ದುಡ್ಡು ಕಟ್ಟಿ ಪರೀಕ್ಷೆ ಕೊಡಬೇಕು ಎನ್ನುವುದು ಆಗ ಯಾರಿಗೂ ಗೊತ್ತಿರಲಿಲ್ಲ.

ಅಡುಗೆಕೋಣೆಯಿಂದ ಅಪ್ಪ ಕೈ ಒರೆಸಿಕೊಳ್ಳುತ್ತ ಬಂದ. "ಎಂತ ಅಂದ್ರ್ ಮಗಾ?"

"ಅನುಭವ ಬೇಕಂತೆ."

"ಹಾಂಗಾರೆ ಗಿಂಡಿ ಏರಿಯಾದ ಜಯಪ್ರಕಾಶ್ ಹೇಳದ್ದೇ ಸಮ. ನಾನ್ ಅಡ್ಡಿಲ್ಲ ಅಂದೆ. ಸಂಜೆ ಬತ್ತ. ನೀ ಒಂದ್ ಸೈನ್ ಹಾಕ್ರೆ ಆಯ್ತ್."

ಜಯಪ್ರಕಾಶ್ ಏಜೆಂಟು. ಅನುಭವದ ಗಂಟೆಗಳು ಬೇಕಾದವರಿಗೆ ಹೊರದೇಶದ ಒಂದು ಕಂಪನಿಯಲ್ಲಿ ಕೋ-ಪೈಲಟ್ ಕೂರುವ ಬಲಗಡೆಯ ಸೀಟು ಕೊಡಿಸುತ್ತಾನೆ. ಸಂಬಳವಿಲ್ಲ, ಕೂರುವುದಕ್ಕೆ ಪೈಲಟ್ಟೇ ಕಟ್ಟಬೇಕು. ಹಿಂದೆ ಕೂತವರು ಟಿಕೆಟ್ಟಿಗೆ ಕೊಟ್ಟಿರುತ್ತಾರೆ, ಮುಂದೆ ಕೂತು ಹಾರಿಸುವವಳೂ ಕೊಟ್ಟೇ ಹತ್ತಬೇಕು. ನಿನ್ನೆಯಿಂದ ಅದನ್ನು ನೆನೆದಾಗೆಲ್ಲ ಅವಳಿಗೆ ಕಿವಿ ಬಿಸಿಯಾಗುತ್ತಿತ್ತು. ಬೇಡವೆನ್ನಲು ಧೈರ್ಯವೂ ಸಾಲುತ್ತಿರಲಿಲ್ಲ.

ಅಷ್ಟರಲ್ಲಿ ಮೋನಪ್ಪ ಬಂದು ನಿಂತ. ಮೂಲ್ಕಿ ಕಡೆಯವನು, ಈ ಹೋಟೆಲಿನ ಹಳೆಯ ಸಪ್ಲೈಯರ್. ದೋಸೆ ಮಾಸ್ಟರ್ ಬೆಳಿಗ್ಗೆಯಷ್ಟೇ ಬಿಟ್ಟು ಮಾಧವರಂನ ಹೋಟೆಲೊಂದಕ್ಕೆ ಹೋಗಿದ್ದ.

"ಧನಿ, ದೋಸೆಕಲ್ಲಿಗೆ ನಾನು ನಿಲ್ತೇನೆ."

"ಕಲ್ಲಿಗೆ ಕೈ ಕೂತಿತಾ ನಿಂದ್?"

"ನಿಲ್ಲಿಕ್ಕೆ ಬಿಟ್ರೆ ಅಲ್ವಾ ಧನಿ ಕೈ ಕೂರುದು?"

"ನಿಲ್ಲ್, ಅಡ್ಡಿಲ್ಲ. ಹಾಳಾದ ದೋಸೆಯ ಹಿಟ್ಟ್ ನಿನ್ ಸಂಬಳದಗೆ ನಾನ್ ಹಿಡ್ಕಂತೆ. ಕೈ ಕೂತ್ ಮೇಲೆ ಮಾಸ್ಟರ್ ಸಂಬಳ."

ಮೋನಪ್ಪ ಯೋಚನೆಯನ್ನೇ ಮಾಡದೆ ತಲೆಯಾಡಿಸಿದ. ಹೋಟೆಲಿನವರ ಕ್ರಮವೇ ಅದು, ಅವನು ಬೇರೆ ಕಂಡಿರಲಿಲ್ಲ. ಆ ತಲೆಯಾಡಿಸಿದ್ದನ್ನು ನೋಡಿ ವೀಕ್ಷಾ ಕುರ್ಚಿಯಿಂದ ಎದ್ದುಬಿಟ್ಟಳು.

"ಅಪ್ಪಾ, ಪೋದುಂ, ಸಾಕು! ಆ ಜಯಪ್ರಕಾಶಿಗೂ ನಿಮ್ಗೂ ಎನ್ನ ಪಾ ವಿತ್ಯಾಸಂ?"

"ಎಂತ ಮಾತ್ ಇದ್? ನಾನೂ ಹಾಂಗೇ ಕಲ್ತದ್. ನಮ್ ಧನಿ ಹಿಟ್ಟಿಗೆ ಹಿಡ್ದ್ ಹಿಡ್ದ್, ಒಂದ್ ದೀಪಾವಳಿಗೆ ಬರಿಗೈಯಗೆ ಊರಿಗ್ ಹೋದೆ. ಸತ್ತ್ ಹೋದ್ನಾ?"

"ಆ ಹರಿದ ದೋಸೆ ನಿಮ್ ಧನಿ ಬಿಸಾಡಿದ್ರಾ?"

"ಬಿಸಾಡುಕೆ ಅವ್ರಿಗೇನ್ ಮರ್ಲಾ? ಮಡ್ಚಿ ಕೊಡ್ತಿದ್ರ್..."

"ಯಾರಿಗೆ? ಗಿರಾಕಿಗೇ ಅಲ್ವಾ? ಅವನ ಹತ್ರ ದುಡ್ಡು ತಗೊಂಡು, ಹಿಟ್ಟಿಗೆ ನಿಮ್ಮ ಸಂಬಳವನ್ನೂ ಹಿಡ್ಕೊಂಡು! ಒಂದು ದೋಸೆಗೆ ಎರಡು ಸಲ!"

ಇಷ್ಟು ವರ್ಷಗಳಲ್ಲಿ ಸದಾನಂದನಿಗೆ ಅದು ಹೊಳೆದೇ ಇರಲಿಲ್ಲ. ಹೊಳೆಯದೆ ಇದ್ದದ್ದಕ್ಕೆ ಅವನಿಗೇ ಸಿಟ್ಟು ಬಂದಿರಬೇಕು. "ಗಲ್ಲಾ ನೋಡ್ಕಣ್, ಅಧಿಕ ಮಾತಾಡ್ಬೇಡ," ಎಂದು ಗದರಿದ.

ಅವಳು ಜಯಪ್ರಕಾಶನಿಗೆ ಫೋನು ಹಚ್ಚಿದಳು. ಅಪ್ಪನಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದಳು.

"ನಾನು ಸೈನ್ ಮಾಡಲ್ಲ. ಸಂಜೆ ಬರ್ಬೇಡಿ."

"ಯೋಚ್ನೆ ಮಾಡಿ ಮ್ಯಾಮ್, ಸೀಟು ಬೇರೆಯವ್ರಿಗೆ ಪೋಯಿಡುಂ. ಕ್ಯೂ ಇದೆ."

"ಆ ಕ್ಯೂ ಇರೋದ್ರಿಂದ್ಲೇ ನಿಮ್ಗೆ ಇಷ್ಟು ಕೊಬ್ಬು," ಎಂದು ಕಟ್ ಮಾಡಿದಳು. ಇದ್ದ ಒಂದೇ ಬಾಗಿಲನ್ನು ತಾನೇ ಒದ್ದು ಮುಚ್ಚಿದೆನೋ ಏನೋ. ಯಾರನ್ನು ಕೇಳುವುದು?

"ಹಾಂಗಾರೆ ಇನ್ನ್ ಎಂತ ಮಾಡ್ತೆ?" ಅಪ್ಪನ ದನಿ ಬಿರುಕು ಬಿಟ್ಟಿತ್ತು. "ಜಲ್ಮ ಪೂರ್ತಿ ಇಲ್ಲೇ ಚಿಲ್ರೆ ಎಣಿಸ್ತ್ಯಾ?"

"ಗೊತ್ತಿಲ್ಲ. ಆದ್ರೆ ದುಡಿಯೋದಕ್ಕೆ ದುಡ್ಡು ಕೊಡಲ್ಲ." ಅವಳು ತಿರುಗಿದಳು. "ಮೋನಪ್ಪಣ್ಣಾ, ದೋಸೆ ಹುಯ್ಯಿ ನೀನು."

ಮೋನಪ್ಪ ಒಮ್ಮೆ ಧನಿಯ, ಒಮ್ಮೆ ಅವಳ ಮುಖ ನೋಡಿ ಕಲ್ಲಿಗೆ ನೀರು ಚಿಮುಕಿಸಿದ. ಮೊದಲ ದೋಸೆ ಕಲ್ಲಿಗೇ ಅಂಟಿ ಸುಟ್ಟಿತು. ಎರಡನೆಯದು ಏಳುವಾಗ ನಡುವೆ ಹರಿಯಿತು. ಅಷ್ಟರಲ್ಲಿ ರೈಲಿಳಿದ ಒಬ್ಬ ಗಿರಾಕಿ ಬಂದು ಕೂತು, "ಒರು ಸಾದಾ, ಸೀಕ್ಕಿರಂ," ಎಂದು ಅವಸರಪಡಿಸಿದ.

ಸದಾನಂದ ಮೋನಪ್ಪನ ಕೈಯಿಂದ ಸಟ್ಟುಗ ಕಿತ್ತುಕೊಂಡು ಹರಿದ ದೋಸೆಯನ್ನು ಎಬ್ಬಿಸಿದ. ಹರಿದದ್ದು ಒಳಗೆ ಹೋಗುವಂತೆ ಮಡಚಿ, ತಟ್ಟೆಗೆ ಹಾಕಿ, ಚಟ್ನಿ ಬಿಟ್ಟ. ಮೇಜಿನ ಕಡೆ ಎರಡು ಹೆಜ್ಜೆ ಹಾಕಿ ನಿಂತ. ಗಿರಾಕಿ ಕೈ ಚಾಚಿದ. ಗಲ್ಲಾದಿಂದ ಮಗಳು ನೋಡುತ್ತಿದ್ದಳು. ಚಟ್ನಿ ಮೆಲ್ಲಗೆ ಹರಿದು ದೋಸೆಯ ಅಂಚನ್ನು ಮುಟ್ಟಿತು, ತಟ್ಟೆ ಇನ್ನೂ ಸದಾನಂದನ ಕೈಯಲ್ಲೇ ಇತ್ತು.