ಮುಚ್ಚಳದ ಒಳಗಿನ ಎರಡು ಗೀಟು

ಏಸಿ ರಿಪೇರಿ ಮಾಡುವವರ ಬಾಯಲ್ಲಿ ಬರುವುದೆಲ್ಲ ನಿಜವಲ್ಲ. ‘ಹತ್ತೇ ನಿಮಿಷದಲ್ಲಿ ಬಂದೆ’ ಎನ್ನುವವನು ಇನ್ನೂ ಸ್ನಾನಕ್ಕೇ ಹೋಗಿರುವುದಿಲ್ಲ. ‘ಪಾರ್ಟ್ ಆರ್ಡರ್ ಮಾಡಿದೀನಿ’ ಎನ್ನುವವನಿಗೆ ಯಾವ ಪಾರ್ಟ್ ಎಂಬುದೇ ಮರೆತಿರುತ್ತದೆ. ಆದರೂ ಸತ್ಯಕ್ಕೆಂದು ಒಂದು ಜಾಗವನ್ನು ಅವರೇ ಮೀಸಲಿಟ್ಟುಕೊಂಡಿದ್ದಾರೆ. ಗೋಡೆಯಾಚೆ ಕೂತ ಔಟ್‌ಡೋರ್ ಪೆಟ್ಟಿಗೆಯ ಮುಚ್ಚಳದ ಒಳಮೈ ಅದು. ಕೆಲಸ ಮುಗಿಸಿದವರು ಅಲ್ಲಿ ಮಾರ್ಕರಿನಿಂದ ತಾರೀಖು, ತುಂಬಿದ ಗ್ಯಾಸಿನ ಹೆಸರು, ಕೊನೆಗೆ ತಮ್ಮ ಗುರುತು ಬರೆದು ಮುಚ್ಚುತ್ತಾರೆ. ಮನೆಯವರು ಅದನ್ನು ಯಾವತ್ತೂ ನೋಡುವುದಿಲ್ಲ. ಮುಂದೆ ಯಾವಾಗಲೋ ಅದೇ ಮುಚ್ಚಳ ತೆಗೆಯುವ ಇನ್ನೊಬ್ಬ ಮೆಕ್ಯಾನಿಕ್‌ಗೆ ಬರೆದಿಟ್ಟ ಕಾಗದ ಅದು.

ತಂಪಣ್ಣ ಇಪ್ಪತ್ತೆರಡು ವರ್ಷದಿಂದ ಹೀಗೆ ಬರೆಯುತ್ತ ಬಂದವನು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಬೀದಿಯವರು ಅದನ್ನು ಯಾವತ್ತೋ ಕೈಬಿಟ್ಟಿದ್ದರು. ಅವನ ಗುರುತು ಮೂರು ರೆಕ್ಕೆಯ ಒಂದು ಪುಟ್ಟ ಫ್ಯಾನ್. ಅಕ್ಕನ ಮಗಳು ಚೂಟಿ ಕಾಲೇಜು ಮುಗಿಸಿ, ‘ನಂಗೂ ಈ ಕೆಲಸ ಕಲಿಸು ಮಾವ’ ಎಂದು ಹಟ ಹಿಡಿದಾಗ ಅವನು ಮೊದಲ ದಿನ ಹೇಳಿಕೊಟ್ಟದ್ದು ಸ್ಪ್ಯಾನರ್ ಹಿಡಿಯುವುದನ್ನಲ್ಲ.

“ಮನೆಯವರ ಮಾತು ನಂಬಬೇಡ. ಮುಚ್ಚಳ ನಂಬು” ಎಂದಿದ್ದ.

ಆ ಮುಚ್ಚಳದ ಮೇಲೆಯೇ ಅವನು ಸುಳ್ಳು ಬರೆದ. ಬರೆದ ಎನ್ನುವುದೂ ದೊಡ್ಡ ಮಾತಾಯಿತು. ಹಾಕಿದ್ದು ಎರಡು ಸಣ್ಣ ಗೀಟು, ಅಷ್ಟೇ.

ಹೋದ ಬೇಸಿಗೆಯ ಹೊತ್ತಿಗೆ ಗ್ಯಾಸಿನ ಹೊಸ ನಿಯಮ ಬಿಗಿಯಾಗಿತ್ತು. ಹಳೆಯ ಗ್ಯಾಸ್ ಸಾಧು ಸ್ವಭಾವದ್ದು, ಬೆಂಕಿ ಹಿಡಿಯುವುದಿಲ್ಲ. ಆದರೆ ಸೋರಿ ಮೇಲೆ ಹೋದರೆ ಆಕಾಶ ಕೆಡಿಸುತ್ತದೆ. ಹೊಸದು ಆಕಾಶದ ತಂಟೆಗೆ ಹೋಗುವುದಿಲ್ಲ, ಕಿಡಿ ಕಂಡರೆ ಮಾತ್ರ ಹೊತ್ತಿಕೊಳ್ಳುತ್ತದೆ. ಅದಕ್ಕೆಂದೇ ಹೊಸ ಯಂತ್ರಗಳನ್ನು ಬೇರೆ ರೀತಿಯಲ್ಲಿ ಕಟ್ಟಿರುತ್ತಾರೆ. ಗ್ಯಾಸ್ ಕಡಿಮೆ, ಸ್ವಿಚ್ಚುಗಳೆಲ್ಲ ಭದ್ರ. ಹಳೆಯ ಯಂತ್ರಕ್ಕೆ ಹೊಸ ಗ್ಯಾಸ್ ತುಂಬಕೂಡದು ಎಂದು ತರಬೇತಿಯಲ್ಲಿ ಹತ್ತು ಸಲ ಹೇಳಿ, ತಂಪಣ್ಣನ ಕೈಗೂ ಒಂದು ಸರ್ಟಿಫಿಕೇಟ್ ಕೊಟ್ಟಿದ್ದರು. ಅತ್ತ ಹಳೆಯ ಗ್ಯಾಸಿನ ಸಿಲಿಂಡರ್ ಮಾರುಕಟ್ಟೆಯಿಂದ ಮೆಲ್ಲಗೆ ಮಾಯವಾಯಿತು. ಇತ್ತ ಮನೆಮನೆಯಲ್ಲೂ ಒಂದೇ ಪ್ರಶ್ನೆ: ಹಳೆಯದನ್ನೇ ರಿಪೇರಿ ಮಾಡಿಸೋದಾ, ಹೊಸದು ತಗೊಳ್ಳೋದಾ? ಎಲ್ಲರೂ ಕೊನೆಗೆ ನೋಡುತ್ತಿದ್ದುದು ತಂಪಣ್ಣನ ಮುಖ.

ಲೈಬ್ರರಿ ಮೇಡಂ ಕೂಡ ನೋಡಿದರು. ಮೂವತ್ತು ವರ್ಷ ಪುಸ್ತಕಗಳ ನಡುವೆ ದುಡಿದು ನಿವೃತ್ತರಾದ ಅವರು ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿದ್ದರು. ಯಜಮಾನರು ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಸೆಖೆ ಹೆಚ್ಚಾದರೆ ಅವರ ಬೆನ್ನಿನ ಹುಣ್ಣು ಕೆರಳುತ್ತಿತ್ತು. ಹದಿನಾಲ್ಕು ವರ್ಷದ ಏಸಿ ಗ್ಯಾಸ್ ಸೋರಿ ಬರೀ ಗಾಳಿ ಊದುತ್ತಿತ್ತು.

“ಹೊಸದು ಬುಕ್ ಮಾಡಿದ್ರೆ ಯಾವಾಗ ಬರತ್ತೆ?” ಎಂದು ಕೇಳಿದರು ಮೇಡಂ.

“ಈಗ ಎಲ್ಲರೂ ಹೊಸದಕ್ಕೇ ಬಿದ್ದಿದಾರಲ್ಲ ಮೇಡಂ, ಹದಿನೈದು ದಿನ ಆದ್ರೂ ಬೇಕು.”

ಒಳಗಿನಿಂದ ಯಜಮಾನರು ನರಳಿದ್ದು ಕೇಳಿಸಿತು. ಮೇಡಂ ಆ ಕಡೆ ನೋಡಿ, ಮತ್ತೆ ಇವನ ಕಡೆ ನೋಡಿದರು. ಇದನ್ನೇ ಹೇಗಾದರೂ ನಡೆಸಿಕೊಡಿ ಎಂದು ಕೇಳಲು ಸಂಕೋಚಪಟ್ಟರು. ಕೇಳಿದ್ದರೆ ಬಹುಶಃ ಅವನು ‘ಆಗಲ್ಲ’ ಎನ್ನುತ್ತಿದ್ದನೇನೋ. ‘ಆಗಲ್ಲ ಅನ್ನೋದು ತಂಪಣ್ಣನ ಡಿಕ್ಷನರಿಯಲ್ಲೇ ಇಲ್ಲ’ ಎಂದು ಬೀದಿಯವರು ಹೊಗಳಿ ಹೊಗಳಿ ಅವನನ್ನು ಅಟ್ಟಕ್ಕೇರಿಸಿದ್ದರು. ಏರಿದವನಿಗೆ ಇಳಿಯಲು ನಾಚಿಕೆ. ಹದಿನೈದೇ ದಿನ ತಾನೇ, ಹೊಸದು ಬಂದ ಮೇಲೆ ಇದನ್ನು ನಾನೇ ಬಿಚ್ಚಿ ಒಯ್ಯುತ್ತೇನೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು, ಗಾಡಿಯಲ್ಲಿದ್ದ ಹೊಸ ಗ್ಯಾಸಿನ ಸಿಲಿಂಡರ್ ಹೊತ್ತುತಂದು ಹಳೆಯ ಯಂತ್ರಕ್ಕೆ ತುಂಬಿದ.

ಯಂತ್ರ ಹುಡುಗನಂತೆ ಓಡಿತು. ಮೇಡಂ ಕಣ್ಣಲ್ಲಿ ನೀರು ಬಂತು.

ಮುಚ್ಚಳ ಹಾಕುವ ಮುಂಚೆ ತಂಪಣ್ಣ ಮಾರ್ಕರ್ ತೆಗೆದ. ಮುಚ್ಚಳದ ಒಳಗೆ ಹಿಂದಿನವರು ಬರೆದ ನಾಲ್ಕು ಸಾಲುಗಳಿದ್ದವು, ನಾಲ್ಕರಲ್ಲೂ ಹಳೆಯ ಗ್ಯಾಸಿನ ಹೆಸರೇ. ತಾರೀಖು ಬರೆದ. ಗ್ಯಾಸಿನ ಹೆಸರು ಬರೆಯುವ ಜಾಗಕ್ಕೆ ಬಂದಾಗ ಕೈ ನಿಂತಿತು. ಹೊಸ ಗ್ಯಾಸಿನ ಹೆಸರು ಬರೆದರೆ ತನ್ನ ಕೈಯಾರೆ ತಪ್ಪೊಪ್ಪಿಗೆ ಬರೆದ ಹಾಗೆ. ಯಾರಾದರೂ ಇನ್ಸ್‌ಪೆಕ್ಟರ್ ನೋಡಿದರೆ ಸರ್ಟಿಫಿಕೇಟ್ ಹೋಯಿತು. ಮೇಲಿನ ಸಾಲಿನಂತೆಯೇ ಎಂದು ಹೇಳುವ ಎರಡು ಗೀಟು ಎಳೆದು, ಪಕ್ಕದಲ್ಲಿ ಮೂರು ರೆಕ್ಕೆಯ ಫ್ಯಾನ್ ಬಿಡಿಸಿ, ಸ್ಕ್ರೂ ಬಿಗಿದ.

“ಏನಾದ್ರೂ ಆದ್ರೆ ನನ್ನನ್ನೇ ಕರೀರಿ ಮೇಡಂ. ಬೇರೆಯವರನ್ನ ಕರೀಬೇಡಿ” ಎಂದ ಹೊರಡುವಾಗ. ಅವರು ಅದನ್ನು ಪ್ರೀತಿ ಎಂದುಕೊಂಡರು.

ಹದಿನೈದು ದಿನ ಕಳೆದ ಮೇಲೆ ಮೇಡಂ ಫೋನ್ ಮಾಡಿ, “ಇದೇ ಇಷ್ಟು ಚೆನ್ನಾಗಿ ತಂಪು ಕೊಡ್ತಿದೆಯಲ್ಲ, ಹೊಸದು ಯಾಕೆ? ಕ್ಯಾನ್ಸಲ್ ಮಾಡ್ಬಿಟ್ಟೆ” ಎಂದರು. ಆಗಲಾದರೂ ಹೇಳಬಹುದಿತ್ತು. ತಂಪಣ್ಣ ‘ಹೂಂ’ ಎಂದ. ಆ ಒಂದು ‘ಹೂಂ’ ಬಿಸಿ ತುಪ್ಪವಾಯಿತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಆಮೇಲೆ ದಿನಗಳು ಉರುಳಿದವು. ಏನೂ ಆಗಲಿಲ್ಲ. ಏನೂ ಆಗದಿದ್ದಾಗ ಮನುಷ್ಯನಿಗೆ ತಪ್ಪು ಎನ್ನುವುದು ಹಳೆಯ ಚಪ್ಪಲಿಯ ಹಾಗೆ ಕಾಲಿಗೆ ಹೊಂದಿಕೊಂಡುಬಿಡುತ್ತದೆ.

ಎಂಟು ತಿಂಗಳ ನಂತರ ಒಂದು ಬೆಳಿಗ್ಗೆ, ಏಸಿ ಮತ್ತೆ ಬರೀ ಗಾಳಿ ಊದುತ್ತಿದೆ ಎಂದು ಹೇಳಲು ಮೇಡಂ ಅವನಿಗೇ ಫೋನ್ ಮಾಡಿದರು. ತಂಪಣ್ಣ ಊರಾಚೆಯ ಆಸ್ಪತ್ರೆಯೊಂದರ ಟೆರೇಸಿನ ಮೇಲೆ ದೊಡ್ಡ ಯಂತ್ರದ ಸದ್ದಿನಲ್ಲಿದ್ದ. ರಿಂಗ್ ಕೇಳಿಸಲಿಲ್ಲ. ಅವರು ಅಂಗಡಿಗೆ ಮಾಡಿದರು. ಎತ್ತಿಕೊಂಡದ್ದು ಚೂಟಿ. ಮಾವನಿಗೆ ಮಂಡಿ ನೋವು, ಮೂರು ಮಹಡಿ ಯಾಕೆ ಹತ್ತಿಸಬೇಕು ಎಂದು ತಾನೇ ಹೊರಟಳು.

ಮಧ್ಯಾಹ್ನ ಕೆಳಗಿಳಿದು ಫೋನ್ ನೋಡಿದಾಗ ಅಕ್ಕನ ಏಳು ಮಿಸ್ಡ್ ಕಾಲ್ ಇದ್ದವು.

ತಂಪಣ್ಣ ಅಕ್ಕನ ಮನೆ ಮುಟ್ಟುವಷ್ಟರಲ್ಲಿ ಚೂಟಿಯನ್ನು ಡಾಕ್ಟರ ಹತ್ತಿರ ತೋರಿಸಿ ಕರೆತಂದಿದ್ದರು. ಎಡಗೈ ಮೊಣಕೈವರೆಗೆ ಬ್ಯಾಂಡೇಜ್. ಒಂದು ಹುಬ್ಬು ಪೂರಾ ಇರಲಿಲ್ಲ, ಹಣೆಯ ಮೇಲಿನ ಕೂದಲು ಸುಟ್ಟು ಉಂಡೆ ಉಂಡೆಯಾಗಿತ್ತು. ಇವನನ್ನು ನೋಡಿ ಎದ್ದು ಕೂರಲು ಹೋದಳು.

“ತಪ್ಪು ನಂದೇ ಮಾವ” ಎಂದಳು, ಅವನು ಬಾಯಿ ತೆಗೆಯುವ ಮುಂಚೆಯೇ. “ಪ್ರೆಶರ್ ಗೇಜ್ ಹಾಕ್ದೆ, ಗ್ಯಾಸ್ ಹೆಚ್ಚುಕಮ್ಮಿ ಖಾಲಿಯಾಗಿತ್ತು. ಉಳಿದಿದ್ದನ್ನ ಬಾಲ್ಕನಿಯಲ್ಲೇ ಗಾಳಿಗೆ ಬಿಟ್ಟೆ. ಸೋರ್ತಿದ್ದ ಪೈಪಿಗೆ ಬೆಸುಗೆ ಹಾಕೋಣ ಅಂತ ಬರ್ನರ್ ಹಚ್ಚಿದ್ದಷ್ಟೇ, ಭಗ್ ಅಂತು. ಮೇಡಂ ಒದ್ದೆ ಬೆಡ್‌ಶೀಟ್ ತಂದು ಸುತ್ತದೇ ಇದ್ದಿದ್ರೆ...”

“ಹಳೇ ಗ್ಯಾಸು ಹೊತ್ಕೊಳಲ್ಲ ಅಂತ ನೀನೇ ಅಂತಿದ್ಯಲ್ಲೋ” ಎಂದಳು ಅಕ್ಕ.

“ಎಣ್ಣೆ ಹೊತ್ಕೊಂಡಿರ್ಬೇಕಮ್ಮ. ನಾನೇ ಏನೋ ಎಡವಟ್ಟು ಮಾಡಿದೀನಿ.” ಚೂಟಿ ಬ್ಯಾಂಡೇಜ್ ನೋಡುತ್ತ ಹೇಳಿದಳು. “ಇನ್ನು ಬರ್ನರ್ ಹಿಡಿಯೋಕೆ ನನ್ನ ಕೈಲಾಗಲ್ಲ ಮಾವ. ಕಣ್ಣು ಮುಚ್ಚಿದ್ರೆ ಅದೇ ಬೆಂಕಿ ಕಾಣತ್ತೆ.”

“ಹಿಡಿಯೋದೂ ಬೇಡ” ಎಂದಳು ಅಕ್ಕ. “ನಿನ್ನ ಮಾವ ಇಪ್ಪತ್ತೆರಡು ವರ್ಷದಲ್ಲಿ ಒಂದು ಕೂದಲು ಸುಟ್ಕೊಂಡಿಲ್ಲ. ಅವನ ಶಿಷ್ಯೆ ಅಂತ ಹೇಳ್ಕೊಳೋಕೆ ನಿಂಗೆ ಯೋಗ್ಯತೆ ಬೇಡ್ವಾ? ಅಂಗಡಿಯಲ್ಲಿ ಕೂತು ಫೋನ್ ಎತ್ತು, ಸಾಕು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಂಪಣ್ಣ ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದ. ಆ ಹುಡುಗಿ ತಾನು ಮಾಡದ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡು, ಕಲಿತ ವಿದ್ಯೆಯನ್ನು ಕೆಳಗಿಡುತ್ತಿದ್ದಳು. ಇವನ ಒಂದು ಮಾತು ಸಾಕಾಗಿತ್ತು. ಆ ಮಾತಿನ ಬದಲು ಬಾಯಿಂದ ಬಂದದ್ದು, “ಮೇಡಂ ಮನೆಗೆ ಹೋಗಿ ನೋಡ್ಕೊಂಡು ಬರ್ತೀನಿ.”

ದಾರಿಯಲ್ಲಿ ಅವನು ಅಂಗಡಿಗೆ ಹೋಗಿ ಒಂದು ಬಾಟಲಿ ಸ್ಪಿರಿಟ್ಟನ್ನೂ ಒರೆಸುವ ಬಟ್ಟೆಯನ್ನೂ ಚೀಲಕ್ಕೆ ಹಾಕಿಕೊಂಡ. ಯಾಕೆ ಎಂದು ತನ್ನನ್ನು ತಾನೇ ಕೇಳಿಕೊಳ್ಳಲಿಲ್ಲ, ಉತ್ತರ ಗೊತ್ತಿತ್ತು.

ಮೇಡಂ ಬಾಗಿಲು ತೆಗೆದು, “ಮಗು ಹೇಗಿದಾಳೆ?” ಎಂದರು. ಚೆನ್ನಾಗಿದಾಳೆ ಎಂದು ಹೇಳಿ ಬಾಲ್ಕನಿಗೆ ನುಸುಳಿದ. ಮೂಲೆಯ ಗೋಡೆ ಆಳೆತ್ತರ ಕಪ್ಪಾಗಿತ್ತು. ಒಣಹಾಕಿದ್ದ ಯಜಮಾನರ ಅಂಗಿಯೊಂದು ಅರ್ಧ ಸುಟ್ಟು ಹಗ್ಗದ ಮೇಲೇ ಇತ್ತು. ಕೆಳಗೆ ಚೂಟಿ ಕಳಚಿಟ್ಟ ಮುಚ್ಚಳ ಗೋಡೆಗೊರಗಿ ನಿಂತಿತ್ತು. ಅದಕ್ಕೆ ಮಸಿಯೂ ಮೆತ್ತಿರಲಿಲ್ಲ. ತಾರೀಖು, ಎರಡು ಗೀಟು, ಮೂರು ರೆಕ್ಕೆಯ ಫ್ಯಾನ್. ಆ ಫ್ಯಾನ್ ತನ್ನನ್ನೇ ಗೇಲಿ ಮಾಡುತ್ತಿದೆ ಎನಿಸಿತು ಅವನಿಗೆ. ಕುಕ್ಕರಗಾಲಲ್ಲಿ ಕೂತು ಬಟ್ಟೆಗೆ ಸ್ಪಿರಿಟ್ ಸುರಿದ. ಎರಡು ಸಲ ಒರೆಸಿದರೆ ಮುಗಿಯಿತು. ಯಾವ ದೇವರಿಗೂ ಗೊತ್ತಾಗುವುದಿಲ್ಲ.

“ಅದೇನು ಬರೆದಿರೋದು?” ಮೇಡಂ ಹಿಂದೆ ನಿಂತಿದ್ದರು. “ಹದಿನಾಲ್ಕು ವರ್ಷದಿಂದ ನಮ್ಮನೆಯಲ್ಲೇ ಇದೆ, ನಾನು ನೋಡೇ ಇಲ್ಲ.”

“ಯಾರು ಯಾವಾಗ ರಿಪೇರಿ ಮಾಡಿದ್ರು, ಯಾವ ಗ್ಯಾಸ್ ತುಂಬಿದ್ರು ಅಂತ ಮೇಡಂ. ಮುಂದೆ ಬರೋರಿಗೆ.”

“ಹಾಗಾದ್ರೆ ನಮ್ಮ ರಿಜಿಸ್ಟರ್ ಥರ.” ಅವರಿಗೆ ಖುಷಿಯಾಯಿತು. ಬಗ್ಗಿ ಓದಲು ಕನ್ನಡಕ ಸರಿಮಾಡಿಕೊಂಡರು. ಆಗ ಅವನ ಕೈಯ ಒದ್ದೆ ಬಟ್ಟೆ ಕಂಡಿತು. “ಅಳಿಸ್ತೀರಾ? ತಪ್ಪು ಬರೆದಿದೀರಾ?”

ಅವನು ಬಟ್ಟೆಯನ್ನು ಮುಷ್ಟಿಯೊಳಗೆ ಮುದುರಿಕೊಂಡ.

“ನಮ್ಮಲ್ಲಿ ಅಳಿಸೋ ಹಾಗಿರಲಿಲ್ಲಪ್ಪ” ಎಂದರು ಮೇಡಂ, ಹಳೆಯ ಕಾಲ ನೆನೆದುಕೊಂಡು. “ಪುಸ್ತಕದ ನಂಬರ್ ತಪ್ಪು ಬಿದ್ರೆ ಅದರ ಮೇಲೆ ಒಂದೇ ಒಂದು ಗೆರೆ ಎಳೀಬೇಕು, ಕೆಳಗಿರೋದು ಓದೋಕೆ ಬರೋ ಹಾಗೆ. ಪಕ್ಕದಲ್ಲಿ ಸರಿಯಾದದ್ದು ಬರೆದು ಸೈನ್ ಮಾಡ್ಬೇಕು. ಅಳಿಸಿದ್ದು ಕಂಡ್ರೆ ನನಗೆ ಕೆಟ್ಟ ಕೋಪ ಬರ್ತಿತ್ತು. ತಪ್ಪು ಮಾಡಿದ್ರೆ ಬೈತಿರಲಿಲ್ಲ, ನೋಡಿ.”

ಅವರು ಯಜಮಾನರಿಗೆ ನೀರು ಕುಡಿಸಲು ಒಳಗೆ ಹೋದರು. ತಂಪಣ್ಣ ಮುಚ್ಚಳವನ್ನು ತೊಡೆಯ ಮೇಲೆ ಇಟ್ಟುಕೊಂಡ. ಕೈಯ ಬಟ್ಟೆ ಆರಿಹೋಯಿತು. ಆಮೇಲೆ ಮಾರ್ಕರ್ ತೆಗೆದು, ಎರಡು ಗೀಟಿನ ಮೇಲೆ ಒಂದು ಗೆರೆ ಎಳೆದ. ಪಕ್ಕದಲ್ಲಿ ಹೊಸ ಗ್ಯಾಸಿನ ಹೆಸರು ಬರೆದ. ಅದರ ಮುಂದೆ ಫ್ಯಾನ್ ಬಿಡಿಸಲಿಲ್ಲ, ಅಪ್ಪ ಅಮ್ಮ ಇಟ್ಟ ಹೆಸರನ್ನೇ ಪೂರ್ತಿ ಬರೆದ.

ಮೊದಲು ಮೇಡಂಗೆ ಹೇಳಿದ. ಹೇಳುವಾಗ ನೆಲ ನೋಡುತ್ತಿದ್ದ. ಅವರು ಮಂಚದ ಅಂಚಿನಲ್ಲಿ ಕೂತು, ಯಜಮಾನರ ಕಾಲಿನ ಮೇಲೆ ಕೈಯಿಟ್ಟುಕೊಂಡು ಪೂರಾ ಕೇಳಿದರು.

“ಎಂಟು ತಿಂಗಳು ನಾವು ಅದರ ಪಕ್ಕದಲ್ಲೇ ಮಲಗಿದ್ವಿ” ಎಂದರು ಕೊನೆಗೆ. ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಮುಚ್ಚಳವನ್ನು ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ಅಕ್ಕನ ಮನೆಗೆ ಹೋದ. ಹಾಸಿಗೆಯ ಮೇಲೆ, ಚೂಟಿಯ ಮುಂದೆ ಇಟ್ಟ. ಅವಳು ಬಲಗೈ ಬೆರಳಿನಿಂದ ಒಂದೊಂದೇ ಸಾಲು ಮುಟ್ಟುತ್ತ ಓದಿದಳು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು. ಅಕ್ಕ ಅಡುಗೆಮನೆಯಿಂದ ಬಂದು, ‘ಏನೋ ಅದು ತಗಡು’ ಎಂದು ಕೇಳಿ, ಇಬ್ಬರ ಮುಖ ನೋಡಿ ಬಾಗಿಲಲ್ಲೇ ನಿಂತಳು.

“ತುಂಬಿದ್ದು ಹೊಸ ಗ್ಯಾಸ್” ಎಂದ ತಂಪಣ್ಣ. “ಬರೆದದ್ದು ಸುಳ್ಳು. ನಿಂದು ಏನೂ ತಪ್ಪಿಲ್ಲ ಕಣಮ್ಮ. ನೀನು ಸರಿಯಾಗೇ ಮಾಡಿದೀಯ.”

ಚೂಟಿ ತಲೆ ಎತ್ತಲಿಲ್ಲ.

“ಗೇಜ್ ನೋಡಿದಾಗ ಒಂಥರಾ ಅನ್ನಿಸ್ತು ಮಾವ. ಹಳೇ ಗ್ಯಾಸ್ ಥರ ಇರಲಿಲ್ಲ. ಯಾವ ಗ್ಯಾಸ್ ಅಂತ ತೋರಿಸೋ ಡಿಟೆಕ್ಟರ್ ಚೀಲದಲ್ಲೇ ಇತ್ತು, ಕೈಗೂ ತಗೊಂಡಿದ್ದೆ.” ಅವಳ ಬೆರಳು ಆ ಪುಟ್ಟ ಫ್ಯಾನಿನ ಮೇಲಿತ್ತು. “ಇದು ನೋಡ್ದೆ. ಮಾವ ಬರೆದಿದಾರಲ್ಲ ಅಂತ ವಾಪಸ್ ಇಟ್ಬಿಟ್ಟೆ.”

ನೆಲ ಬಿರಿದು ಬಾಯ್ತೆರೆಯಬಾರದೇ ಎನಿಸಿತು ತಂಪಣ್ಣನಿಗೆ. ನೆಲಕ್ಕೆ ಅಂಥ ದಯೆ ಎಲ್ಲಿಯದು. ಅಕ್ಕ ಅವತ್ತು ಅವನನ್ನು ಊಟಕ್ಕೆ ಏಳು ಎನ್ನಲಿಲ್ಲ.

ಸರ್ಟಿಫಿಕೇಟನ್ನು ಅವನೇ ಕೊಂಡೊಯ್ದು ಕಚೇರಿಗೆ ಒಪ್ಪಿಸಿದ. ಆರು ತಿಂಗಳು ಗ್ಯಾಸ್ ಮುಟ್ಟುವಂತಿಲ್ಲ ಎಂದರು. ಮೇಡಂ ಮನೆಗೆ ಹೊಸ ಯಂತ್ರ ಬಂತು. ಕೋಣೆಯ ಅಳತೆಗೆ ತಕ್ಕದ್ದನ್ನು ಆರಿಸಿದ್ದು, ಎಲ್ಲಿ ಕೂರಿಸಬೇಕೆಂದು ಗುರುತು ಹಾಕಿದ್ದು, ಕೂರಿಸಿದ್ದು ಎಲ್ಲ ಚೂಟಿ. ಅಷ್ಟು ಹೊತ್ತಿಗೆ ಅವಳ ಹುಬ್ಬು ಬಂದಿತ್ತು, ಕೈಯ ಚರ್ಮ ಮಾತ್ರ ನುಣ್ಣಗೆ ಹೊಳೆಯುತ್ತಿತ್ತು. ಮೊದಲ ಸಲ ಬರ್ನರ್ ಹಚ್ಚಿದಾಗ ನಡುಗಿದಳಂತೆ. ಎರಡನೇ ಸಲ ಕಡಿಮೆಯಾಯಿತಂತೆ. ಇದೆಲ್ಲ ಅವಳು ಹೇಳಿದ್ದು ಅಮ್ಮನಿಗೆ.

ಮೂರು ತಿಂಗಳಾದ ಮೇಲೆ ಒಂದು ದಿನ ಒಂದು ಟೆರೇಸಿನ ಮೇಲೆ ಅವಳಿಗೆ ಭಾರ ಎತ್ತಲು ಕೈ ಬೇಕಾಗಿ ಮಾವನನ್ನು ಕರೆದುಕೊಂಡು ಹೋದಳು. ಹಳೆಯ ಯಂತ್ರ. ಮುಚ್ಚಳ ತೆಗೆದಾಗ ಒಳಗೆ ಆರು ವರ್ಷದ ಹಿಂದಿನ ಸಾಲು, ಪಕ್ಕದಲ್ಲಿ ಮೂರು ರೆಕ್ಕೆಯ ಫ್ಯಾನ್. ಅದು ನಿಜವಾದ ಸಾಲು. ತಾನೇ ತುಂಬಿದ ಗ್ಯಾಸ್, ತಂಪಣ್ಣನಿಗೆ ಚೆನ್ನಾಗಿ ನೆನಪಿತ್ತು. ಹೇಳೋಣವೆಂದು ಬಾಯಿ ತೆರೆದ.

ಚೂಟಿ ಚೀಲಕ್ಕೆ ಕೈಹಾಕಿ ಡಿಟೆಕ್ಟರ್ ತೆಗೆದಳು.

“ತಪ್ಪು ತಿಳ್ಕೋಬೇಡ ಮಾವ” ಎಂದಳು ಮೆಲ್ಲಗೆ.

“ಇಲ್ಲಮ್ಮ, ಪರೀಕ್ಷೆ ಮಾಡಿ ನೋಡು” ಎಂದು ಅವನು ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಬರಹ ಅವಳಿಗೆ ಕಾಣದಂತೆ ಎದೆಗೆ ತಿರುಗಿಸಿಕೊಂಡು, ಅವಳು ಪರೀಕ್ಷೆ ಮುಗಿಸುವವರೆಗೂ ಬಿಸಿಲಲ್ಲಿ ನಿಂತಿದ್ದ.