ತುಂಬಿದ ಕೊಡಕ್ಕೆ ನಿಂತ ನಂದಿಕೋಲು

ಐದು ವರ್ಷ ಷಡಕ್ಷರಿ ಆ ಸೇಡನ್ನು ಹೊಟ್ಟೆ ಬಟ್ಟೆ ಕಟ್ಟಿ ಮಗುವನ್ನು ಸಾಕುವ ಹಾಗೆ ಸಾಕಿದ್ದ. ಇವತ್ತು ಅದನ್ನು ಬೀದಿಗೆ ಕರೆತರುವ ದಿನ.

ಹೊಳೆನರಸೀಪುರದ ಪೇಟೆಬೀದಿಯಲ್ಲಿ ಕಡೇ ಕಾರ್ತಿಕ ಸೋಮವಾರದ ಮೆರವಣಿಗೆ. ನಂದಿಕೋಲೆಂದರೆ ಇಪ್ಪತ್ತು ಅಡಿಯ ಬಿದಿರು. ಮೈತುಂಬ ಹಿತ್ತಾಳೆ ಬಿಲ್ಲೆ, ತುದಿಯಲ್ಲಿ ನಂದಿ. ಅದನ್ನು ಸೊಂಟದ ಪಟ್ಟಿಗೆ ನಿಲ್ಲಿಸಿಕೊಂಡು ಒಬ್ಬ ಕುಣಿದರೆ, ಇನ್ನೊಬ್ಬ ಹಿಂದಿನಿಂದ ಹಗ್ಗ ಹಿಡಿದಿರುತ್ತಾನೆ. ಐದು ವರ್ಷದ ಕೆಳಗೆ ಹೊತ್ತವನು ಷಡಕ್ಷರಿ, ಹಗ್ಗ ಹಿಡಿದವನು ಚಿಕ್ಕಪ್ಪನ ಮಗ ಪರಮಶಿವಯ್ಯ. ಕೋಲಿನ ಮೇಲೆ ಆಸೆಪಟ್ಟು ತುಂಬಿದ ಬೀದಿಯಲ್ಲಿ ಪರಮಶಿವಯ್ಯ ಹಗ್ಗ ಬಿಟ್ಟ. ಕೋಲು ಉರುಳಿತು, ಷಡಕ್ಷರಿಯ ಎರಡು ಮಂಡಿಯೂ ಜಜ್ಜಿಹೋದವು. ಅದನ್ನಾದರೂ ಸಹಿಸಬಹುದಿತ್ತು. ‘ಕುಡಿದು ಬಂದಿದ್ದ, ನಂದಿ ಮುನಿದ’ ಎಂದು ಊರೆಲ್ಲ ಹಬ್ಬಿಸಿದನಲ್ಲ, ಅದು ಮಾತ್ರ ಷಡಕ್ಷರಿಯ ಕರುಳು ಸುಡುತ್ತಿತ್ತು. ಹೆಂಡದ ವಾಸನೆಯನ್ನೇ ಕಾಣದ ಲಿಂಗವಂತ ಅವನು! ಅಂದಿನಿಂದ ಕೋಲು ಪರಮಶಿವಯ್ಯನ ಸೊಂಟಕ್ಕೆ ಹೋಯಿತು.

ಷಡಕ್ಷರಿ ಎರಡು ಮಣೆಗಳ ಮೇಲೆ ಹೊರಟ. ಒಂದರ ಮೇಲೆ ಕೂರುವುದು, ಹೆಂಡತಿ ಗಂಗಾಂಬಿಕೆ ಇನ್ನೊಂದನ್ನು ಮುಂದಿಡುವುದು, ಕೈಯೂರಿ ಅದಕ್ಕೆ ಜರುಗುವುದು. ಇದ್ದಿಲ ಹೊಗೆಯಲ್ಲಿ ಓಡುವ ಹಾಸನದ ಬಸ್ಸು ಜನವನ್ನು ತಂದು ಸುರಿದಿತ್ತು. ನಿಂತವರಿಗೆ ಅದು ಉತ್ಸವ. ಅವನ ಕಣ್ಣಿಗೆ ಬರೀ ಮೊಣಕಾಲು, ಪಂಚೆಯಂಚು, ಧೂಳು. ಯಾರೋ ಬೆರಳು ತುಳಿದು, ತಾವೇ ರೇಗಿದರು.

“ಕುಂಟ್ರು ಮನೇಲಿ ಬಿದ್ದಿರಾಕಾಗಾಕಿಲ್ವಾ?”

“ಕಾಲಿದ್ರೂ ಕಣ್ಣಿಲ್ವಲ್ಲ ನಿಂಗೆ. ಸರ್ಕೊ ಅತ್ಲಾಗೆ!” ಎಂದ ಷಡಕ್ಷರಿ.

ಬೀದಿಯ ನಡುವೆ ಗಂಗಾಂಬಿಕೆ ತುಂಬಿದ ಕೊಡ ಇಟ್ಟಳು. ಷಡಕ್ಷರಿ ಅದರ ಹಿಂದೆ ಕುಳಿತ. ಕೊಡ ಕಂಡಲ್ಲಿ ಕೋಲು ನಿಲ್ಲಲೇಬೇಕು. ಕೊಡ ಇಟ್ಟ ಮನೆಯವರು ವೀರಭದ್ರನನ್ನು ಹೊಗಳುವ ಒಡಪು ಹೇಳಿ ಮುಗಿಸುವ ತನಕ ಅದನ್ನು ಇಳಿಸುವಂತಿಲ್ಲ, ಇನ್ನೊಬ್ಬರಿಗೆ ಕೊಡುವಂತಿಲ್ಲ. ಎಲ್ಲರೂ ಒಂದು ಒಡಪು ಹೇಳಿ ಕೊಡ ಎತ್ತುತ್ತಿದ್ದರು.

ಪರಮಶಿವಯ್ಯ ಕೋಲು ಹೊತ್ತು ಬಂದು ಕೊಡದ ಮುಂದೆ ನಿಂತ. ಷಡಕ್ಷರಿ ಒಂದು ಹೇಳಿದ. ಎರಡು ಹೇಳಿದ. ಪ್ರತಿ ಒಡಪಿಗೂ ಜನ ಕೂಗುವ ‘ಅಹಾ ರುದ್ರಾ’ ಐದನೆಯದಕ್ಕೆ ತೆಳ್ಳಗಾಯಿತು. ಪರಮಶಿವಯ್ಯನ ತೊಡೆ ನಡುಗತೊಡಗಿತ್ತು.

“ಸಾಕು ಬುಡಪ್ಪ,” ಎಂದರು ಪೇಟೆಯ ಯಜಮಾನ ಈಶ್ವರಯ್ಯ.

“ಇಷ್ಟೇ ಯೋಳ್ಬೇಕು ಅಂತ ಯಾರು ಕಟ್ಟಳೆ ಮಾಡವ್ರೆ ಯಜಮಾನ್ರೇ?”

ಏಳನೆಯ ಒಡಪಿಗೆ ಕೋಲು ಮುಂದಕ್ಕೆ ವಾಲಿತು. ಜನ ಹೋ ಎಂದು ಚೆದುರಿದರು. ಷಡಕ್ಷರಿ ಓಡಲಾರ, ಓಡುವ ಮನಸ್ಸೂ ಇರಲಿಲ್ಲ. ಗಂಗಾಂಬಿಕೆ ರಟ್ಟೆ ಹಿಡಿದು ಎಳೆದಳು. ಅವನು ಕೊಸರಿಕೊಂಡ.

“ಅಣ್ಣಾ, ನಿಲ್ಸು! ನಿನ್ ಮ್ಯಾಲೇ ಬಿದ್ಬುಡ್ತದೆ!” ಪರಮಶಿವಯ್ಯ ಹಲ್ಲು ಕಚ್ಚಿ ಕೂಗಿದ.

“ಬೀಳ್ಲಿ. ಈ ಸಲ ಯಾರು ಕುಡ್ದಿದ್ರು ಅಂತ ಯೋಳ್ತೀಯ, ತಮ್ಮಾ?”

ಪರಮಶಿವಯ್ಯನ ಮುಖ ಕಪ್ಪಿಟ್ಟಿತು. ಷಡಕ್ಷರಿ ಎಂಟನೆಯದಕ್ಕೆ ಬಾಯಿ ತೆರೆದ.

“ನಾನೇ ಕಣಣ್ಣಾ! ಅಗ್ಗ ಬೇಕಂತ ಬುಟ್ಟೋನು ನಾನೇ. ನೀನು ಕುಡ್ದಿರ್ನಿಲ್ಲ!” ಎಂದು ಪರಮಶಿವಯ್ಯ ಕೂಗಿಬಿಟ್ಟ.

ಕರಡೆ ವಾದ್ಯ ನಿಂತಿತು.

“ಬಸ್ಸಲ್ಲಿ ಬಂದೋರು ಹಿಂದವ್ರೆ. ಅವ್ರಿಗೆ ಕೇಳಿಸ್ನಿಲ್ಲ,” ಎಂದ ಷಡಕ್ಷರಿ.

ಪರಮಶಿವಯ್ಯ ಅಳುತ್ತ ಇನ್ನೊಮ್ಮೆ ಕೂಗಿದ. ಷಡಕ್ಷರಿಯ ಎದೆ ತಣ್ಣಗಾಯಿತು. ಅಯ್ಯೋ ಪಾಪ ಎನ್ನಿಸಲಿಲ್ಲ, ಸುಖವೆನ್ನಿಸಿತು. ಕೋಲಿನ ಹಿಂದೆ ಹಗ್ಗ ಹಿಡಿದಿದ್ದ ದೇವಯ್ಯನನ್ನು ಕರೆದು ಹೇಳಿದ:

“ಅಗ್ಗ ಬಿಗಿಯಾಗಿಡ್ಕೊ ದೇವಯ್ಯ. ಇವನ ಕಾಲಿಗೆ ಏನೂ ಆಗ್ಬಾರ್ದು. ಈ ಮಾತು ಒತ್ಕೊಂಡು ಬೀದಿ ಪೂರ್ತಿ ನಡೀಬೇಕು ಇವನು.”

ತಾನೇ ಬಾಗಿ ಕೊಡವನ್ನು ಪಕ್ಕಕ್ಕೆ ಸರಿಸಿದ. ಪರಮಶಿವಯ್ಯ ಕಾಲೆಳೆಯುತ್ತ ಹೊರಟ. ಯಾರೂ ‘ಅಹಾ ರುದ್ರಾ’ ಎನ್ನಲಿಲ್ಲ.

ಮುಂದಿನ ಮನೆಯ ದೊಡ್ಡಮ್ಮ ಆಗಲೇ ಕೊಡ ತಂದು ಬೀದಿಯಲ್ಲಿಟ್ಟಿದ್ದಳು. ಒಡಪು ಹೇಳಲು ಎದ್ದ ಗಂಡನನ್ನು ಕೈಸನ್ನೆಯಲ್ಲೇ ಕೂರಿಸಿ, ಸೊಂಟಕ್ಕೆ ಕೈ ಕೊಟ್ಟು ಕೇಳಿದಳು:

“ಅಗ್ಗ ಬುಟ್ಟೋರು ಯಾರಪ್ಪ? ನಂಗಿನ್ನೂ ಸರಿಯಾಗಿ ಕೇಳಿಸ್ನಿಲ್ಲ.”